ಕಣಿಕಿಯ ಹಿಂದಿನ ರೇಸ್ ಗಾಡಿ

ಕಳೆದ ವಾರ ನಾರಾಯಣಖೇಡದಾಚೆ ಒಂದು ಕುರಿಹಟ್ಟಿಗೆ ಹೋಗಿದ್ದೆ. ಮಳೆಗೆ ಕೊಳೆತ ಗೊರಸುಗಳಿಗೆ ನಾನು ಔಷಧ ಹಚ್ಚುತ್ತಿದ್ದರೆ, ಹಟ್ಟಿಯ ಯಜಮಾನ ಬೀರಪ್ಪ ನನ್ನ ಔಷಧದ ಮೇಲೆ ಪೂರ್ತಿ ಭರವಸೆಯಿಲ್ಲದೆ ಮೂರು ಕಲ್ಲಿನ ಒಲೆಯ ಮೇಲೆ ತನ್ನದೂ ಒಂದು ಮದ್ದು ಕಾಸುತ್ತಿದ್ದ. ಪಾತ್ರೆಯೊಳಗಿನ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಉಕ್ಕಿ ಕೆಂಡದ ಮೇಲೆ ಸುರಿಯಿತು. ದಟ್ಟ ಬಿಳಿ ಹೊಗೆ ಎದ್ದು ನನ್ನ ಮುಖಕ್ಕೇ ಬಂತು. ಕೈಯಲ್ಲಿದ್ದ ಕುರಿಯ ಕಾಲನ್ನು ಬಿಟ್ಟೆ.

"ಯಾಕ್ರೀ ಡಾಕ್ಟರ್ ಸಾಬ್, ಹೊಗಿ ಬಡೀತೇನು?" ಅಂದ ಬೀರಪ್ಪ.

"ಹೌದು" ಅಂದೆ. ಕಣ್ಣಲ್ಲಿ ನೀರು ಬಂದಿತ್ತು, ಹೊಗೆಯ ಮೇಲೆ ಹಾಕುವುದು ಸುಲಭವಾಯಿತು.

ಸುಟ್ಟ ಔಡಲೆಣ್ಣೆಯ ವಾಸನೆ ಹಳೆಯ ರೇಸ್ ಗಾಡಿಗಳ ವಾಸನೆ. ಹಿಂದಿನ ಕಾಲದಲ್ಲಿ ಅವುಗಳ ಎಂಜಿನ್ನಿಗೆ ಆ ಎಣ್ಣೆಯನ್ನೇ ಹಾಕುತ್ತಿದ್ದರು. ಆ ಗಾಡಿಗಳ ಹುಚ್ಚು ಹಿಡಿದವರು ಈ ವಾಸನೆಯ ಬಗ್ಗೆ ಮಾತಾಡುವುದನ್ನು ಕೇಳಬೇಕು, ತವರಿನ ಮಾತು ಬಂದಂತೆ ಅವರ ದನಿ ಮೆತ್ತಗಾಗುತ್ತದೆ. ನಾನೂ ಆ ಹುಚ್ಚರಲ್ಲಿ ಒಬ್ಬ. ಆದರೆ ನನಗೆ ಆ ವಾಸನೆ ಬಂದಾಗ ನೆನಪಾಗುವುದು ಶರಣಮ್ಮ. ಮೊಗುಡಂಪಲ್ಲಿಯಲ್ಲಿ ನಾನು ಪಶುವೈದ್ಯನಾಗಿದ್ದ ಆ ಒಂದು ವರ್ಷ.

ನನ್ನ ಊರು ತಾಂಡೂರು. ಅಪ್ಪ ಕಲ್ಲು ಪಾಲಿಶ್ ಕಾರ್ಖಾನೆಯೊಂದರಲ್ಲಿ ಮುನ್ಷಿ. ಆ ಕಾರ್ಖಾನೆಯ ಆಫೀಸಿನಲ್ಲಿ, ಬಿಳಿ ಧೂಳು ಕೂತ ಗೋಡೆಯ ಮೇಲೆ ಒಂದು ಹಳೆಯ ಕ್ಯಾಲೆಂಡರ್ ಇತ್ತು. ಮಳೆ ಬಿದ್ದ ರಸ್ತೆಯಲ್ಲಿ ಹಾರುತ್ತಿರುವ ಒಂದು ಗಾಡಿ. ಮೂಲಂಗಿಯಂಥ ಉದ್ದನೆಯ ಮೈ, ನಾಲ್ಕೂ ಚಕ್ರ ಮೈಯಿಂದ ಹೊರಗೆ, ಮೇಲೆ ಚಾವಣಿಯಿಲ್ಲ, ಮಡ್‌ಗಾರ್ಡ್ ಇಲ್ಲ, ಒಬ್ಬನೇ ಕೂರುವಷ್ಟು ಜಾಗ. ಅಪ್ಪನಿಗೆ ಬುತ್ತಿ ಒಯ್ದಾಗಲೆಲ್ಲ ಅದರ ಮುಂದೆ ನಿಲ್ಲುತ್ತಿದ್ದೆ. ಕ್ಯಾಲೆಂಡರಿನ ವರ್ಷ ಎಂದೋ ಮುಗಿದಿತ್ತು, ಅದನ್ನು ಯಾರೂ ಕಿತ್ತಿರಲಿಲ್ಲ. ದೊಡ್ಡವನಾಗಿ ದನದ ಡಾಕ್ಟರಾದೆ, ಮದುವೆಯಾದೆ, ಆದರೂ ಫೋನಿನಲ್ಲಿ ಹಳೆಯ ರೇಸುಗಳ ವಿಡಿಯೋ ನೋಡುವುದು ತಪ್ಪಲಿಲ್ಲ.

ಮೊಗುಡಂಪಲ್ಲಿಗೆ ವರ್ಗವಾದಾಗ ಹೆಂಡತಿ ಮಕ್ಕಳನ್ನು ತಾಂಡೂರಿನಲ್ಲಿ ಬಿಟ್ಟು ಜಹೀರಾಬಾದಿನಲ್ಲಿ ಒಂದು ಕೋಣೆ ಹಿಡಿದೆ. ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಖಲೀಲ್ ಭಾಯಿಯ ಲೇತ್ ಅಂಗಡಿ. ನನ್ನ ಮೋಟಾರ್ ಸೈಕಲ್ಲಿನ ಒಂದು ಮುರಿದ ಭಾಗ ಕೂಡಿಸಲು ಹೋದವನು ಅಲ್ಲೇ ಉಳಿದುಬಿಟ್ಟೆ. ಯಾಕೆಂದರೆ ಆ ಅಂಗಡಿಯ ಬೆಂಚಿನ ಮೇಲೆ ಸಂಜೆ ಹೊತ್ತು ಚಂದ್ರಶೇಖರಪ್ಪ ಕೂರುತ್ತಿದ್ದರು. ಊರಿಗೆಲ್ಲ ಚಂದ್ರಣ್ಣ. ಎಪ್ಪತ್ತು ದಾಟಿದ, ಹಣೆಗೆ ವಿಭೂತಿ, ಒಂದು ಕಾಲು ಎಳೆದು ನಡೆಯುವ ಮನುಷ್ಯ. ಹರೆಯದಲ್ಲಿ ಅವರು ರೇಸ್ ಡ್ರೈವರ್. ಟ್ಯಾಕ್ಸಿಯೊಂದರ ಸಣ್ಣ ಎಂಜಿನ್ ತೆಗೆದು, ತಮ್ಮ ಅಪ್ಪನ ಎಣ್ಣೆ ಮಿಲ್ಲಿನ ಹಿತ್ತಲಲ್ಲಿ ಪೈಪು ಬಗ್ಗಿಸಿ, ತಗಡು ಬಡಿದು, ಸ್ವಂತ ಕೈಯಿಂದ ಗಾಡಿ ಕಟ್ಟಿದ್ದರು. ಮದ್ರಾಸಿನ ಹತ್ತಿರ ಯುದ್ಧಕಾಲದ ವಿಮಾನಗಳ ಓಡುದಾರಿಯಲ್ಲಿ ರೇಸು ನಡೆಯುತ್ತಿದ್ದ ಕಾಲ ಅದು.

"ಈಗಿನ ಗಾಡ್ಯಾಗ ಡ್ರೈವರ್ ಕಾಣಂಗಿಲ್ರಿ ಡಾಕ್ಟರ್ರೆ" ಅನ್ನುತ್ತಿದ್ದರು. "ನಮ್ಮ ಗಾಡ್ಯಾಗ ಮನಶಾ ಕಾಣ್ತಿದ್ದ. ಎರಡೂ ಮೊಳಕೈ ಹೊರಗ. ಅವ ಹೆದರಿದ್ರೂ ಮಂದಿಗಿ ಕಾಣ್ತಿತ್ತು."

ಗಾಡಿ ಈಗ ಎಲ್ಲಿದೆ ಎಂದು ನಾನು ಮೊದಲ ಸಲ ಕೇಳಿದಾಗ ಖಲೀಲ್ ಭಾಯಿ ನನಗೆ ಕಣ್ಸನ್ನೆ ಮಾಡಿದ, ಕೇಳಬೇಡ ಎಂದು. ಅಷ್ಟರಲ್ಲಿ ಪ್ರಶ್ನೆ ಬಿದ್ದಾಗಿತ್ತು. ಚಂದ್ರಣ್ಣ ಚಹಾದ ಲೋಟ ಬೆಂಚಿನ ಮೇಲೆ ಇಟ್ಟರು.

"ರೇಸಿನ್ಯಾಗ ಪಲ್ಟಿ ಆತು. ನಾ ದವಾಖಾನ್ಯಾಗ ಇದ್ದೆ. ನಮ್ಮ ಅಪ್ಪ ಗುಜರಿಗಿ ಹಾಕ್ಬಿಟ್ಟ. ಹೈದರಾಬಾದಿನ್ಯಾಗ ಕರಗಿಸ್ಯಾರ. ಈಗ ಯಾರ್ದೋ ಮನಿ ಕಿಡಕಿ ಸರಳ ಆಗ್ಯದ. ನಾ ಹೈದರಾಬಾದಕ್ಕ ಹೋದ್ರ ಕಿಡಕಿ ನೋಡ್ಕೋತ ಹೋಗ್ತೀನ್ರಿ."

ಅಂದು ಯಾರೂ ಚಹಾ ಮುಗಿಸಲಿಲ್ಲ.

ಆ ವರ್ಷ ಮಳೆ ಜೋರಿತ್ತು. ಆಷಾಢದಲ್ಲೇ ಹಳ್ಳಗಳು ತುಂಬಿ, ಕರಿ ನೆಲದಲ್ಲಿ ಮೋಟಾರ್ ಸೈಕಲ್ಲಿನ ಚಕ್ರ ತಿರುಗದಂತಾಗಿತ್ತು. ಅಂಥದೊಂದು ಬೆಳಿಗ್ಗೆ ಮೊಗುಡಂಪಲ್ಲಿಯ ಹೊರಗಿನ ಒಂದು ಹೊಲದ ಮನೆಯಿಂದ ಕರೆ ಬಂತು. ಎಮ್ಮೆ ಈಯಲಾರದೆ ಒದ್ದಾಡುತ್ತಿದೆ. ಹೋದರೆ ಮನೆಯೊಡತಿ ಶರಣಮ್ಮ, ಚಂದ್ರಣ್ಣನ ಅಕ್ಕ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಹೊಲ ದನ ತಾನೇ ನೋಡಿಕೊಳ್ಳುತ್ತಿದ್ದರು. ಚಂದ್ರಣ್ಣ ಪ್ರತಿ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗುತ್ತಾರೆಂದು ಕೇಳಿದ್ದೆ, ಆಕೆಯನ್ನು ನೋಡಿದ್ದು ಅದೇ ಮೊದಲು.

ಕರು ಅಡ್ಡ ತಿರುಗಿತ್ತು. ಅದರ ಕಾಲಿಗೆ ಕಟ್ಟಿ ಎಳೆಯಲು ಇನ್ನೊಂದು ಹಗ್ಗ ಬೇಕಾಯಿತು. "ಕಣಿಕಿ ಹಿಂದ ಅದ ನೋಡು" ಎಂದು ಎಮ್ಮೆಯ ತಲೆ ಹಿಡಿದಿದ್ದ ಶರಣಮ್ಮ ಅವಸರದಲ್ಲಿ ಅಂದುಬಿಟ್ಟರು. ಕೊಟ್ಟಿಗೆಯ ಮೂಲೆಯಲ್ಲಿ ಜೋಳದ ಒಣ ದಂಟಿನ ಮೇವು, ಕಣಿಕಿ, ಚಾವಣಿಯವರೆಗೆ ಒಟ್ಟಿತ್ತು. ಅದರ ಹಿಂದೆ ಕೈ ಹಾಕಿದೆ. ಹಗ್ಗ ಸಿಗಲಿಲ್ಲ, ಕೈಗೆ ಸಿಕ್ಕಿದ್ದು ರಬ್ಬರು. ತಾಡಪತ್ರಿಯ ಅಂಚು ಎತ್ತಿದೆ. ಮೈಯಿಂದ ಹೊರಗೆ ಚಾಚಿದ ಒಂದು ಬರಿ ಚಕ್ರ, ಅದರಾಚೆ ಹಳದಿ ಬಣ್ಣದ ಮೂತಿ.

ಹಗ್ಗ ಹುಡುಕಿ ತಂದೆ. ಕರುವನ್ನು ಎಳೆದೆವು, ಬದುಕಿತು. ಶರಣಮ್ಮ ಕರುವಿನ ಮೂಗು ಒರೆಸುತ್ತ ನನ್ನ ಕಡೆ ನೋಡದೆಯೇ ಕೇಳಿದರು.

"ನೋಡ್ದಿ?"

"ನೋಡ್ದೆ."

"ಅವ ನಿನ್ನ ಗೆಣೆಯಾನ?"

"ದಿನಾ ಸಂಜಿಗಿ ಕೂಡ್ತೀವ್ರಿ ಅಕ್ಕ."

ಆಕೆ ಕರುವನ್ನು ಎಮ್ಮೆಯ ಮುಂದೆ ದೂಡಿ ಕೈ ತೊಳೆದುಕೊಂಡರು. ಆಮೇಲೆ ಹೇಳಿದ್ದು ಇಷ್ಟು. "ಅವ ದವಾಖಾನ್ಯಾಗ ಕಣ್ಣು ತೆರದು ಮೊದಲ ಏನ್ ಕೇಳ್ದ ಗೊತ್ತದನು? ಹೆಂಡ್ತಿ ತುಂಬಿದ ಬಸರಿ, ಬಾಜೂಕ ನಿಂತಾಳ. ಅಕಿನ್ನ ಕೇಳ್ಲಿಲ್ಲ. 'ಗಾಡಿ ಹ್ಯಾಂಗದ?' ಅಂದ. ಅವತ್ತೇ ಅಪ್ಪಗ ಹೇಳ್ದೆ, ಗುಜರಿಗಿ ಹಾಕೀವಿ ಅನ್ನು ಅಂತ. ನಮ್ಮ ಮನಿಯವ್ರು ಲಾರ್‍ಯಾಗ ಇಲ್ಲಿ ತಂದು ಹಾಕಿದ್ರು. ಗಾಡಿ ಇದ್ದಿದ್ರ ಅವ ಇರ್ತಿರಲಿಲ್ಲ ತಮ್ಮ."

"ಮತ್ತ ಖರೇನೇ ಗುಜರಿಗಿ ಹಾಕಬೇಕಿತ್ತಲ್ರಿ?"

"ಅವನ ಕೈಯಾಗಿಂದು. ಹ್ಯಾಂಗ ಹಾಕ್ಲಿ?" ಅಂದರು. "ವರ್ಷಾ ದೀಪಾವಳಿಗಿ ಔಡಲೆಣ್ಣಿ ಸವರ್ತೀನಿ. ಜಂಗ್ ತಿನ್ನಬಾರ್ದಲ್ಲ."

ಯಾರಿಗೂ ಹೇಳಬೇಡ ಎಂದು ಆಕೆ ಮಾತು ತೆಗೆದುಕೊಂಡರು. ನಾನು ಕೊಟ್ಟೆ.

ಆ ಮಾತು ಮುರಿಯಲಿಲ್ಲ. ಅದರ ಸಮಾಧಾನ ನನಗೆ ಬೇಡ, ಯಾಕೆಂದರೆ ಮಾಡಿದ್ದು ಅದಕ್ಕಿಂತ ಬೇರೆಯದು. ಎಮ್ಮೆಯ ಬಾಣಂತನದ ನೆಪದಲ್ಲಿ ವಾರಕ್ಕೊಮ್ಮೆ ಅಲ್ಲಿಗೆ ಹೋಗತೊಡಗಿದೆ. ಹೋದಾಗಲೆಲ್ಲ ಕಣಿಕಿಯ ಹಿಂದೆ ನುಸುಳಿ ಗಾಡಿ ನೋಡುತ್ತಿದ್ದೆ. ಚುಕ್ಕಾಣಿಯ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದೆ. ಸಂಜೆ ಲೇತ್ ಅಂಗಡಿಯಲ್ಲಿ ಚಂದ್ರಣ್ಣನ ಕಿಟಕಿ ಸರಳಿನ ದುಃಖ ಕೇಳುವುದು ಕಷ್ಟವಾಗುತ್ತಿತ್ತು, ನಿಜ. ಆದರೆ ಅದರಡಿ ಇನ್ನೊಂದು ಆಸೆ ಮಿಸುಕುತ್ತಿತ್ತು. ಆ ಎಂಜಿನ್ ಕೂಗುವುದನ್ನು ನಾನು ಕೇಳಬೇಕು. ಕ್ಯಾಲೆಂಡರಿನ ಗಾಡಿ ನನ್ನ ಕಣ್ಣೆದುರು ಓಡಬೇಕು.

ಹಾಗಾಗಿ ಶರಣಮ್ಮನ ಬೆನ್ನು ಹತ್ತಿದೆ.

"ಹೇಳ್ಬಿಡ್ರಿ ಅಕ್ಕ. ಅವರಿಗಿ ಈಗ ಎಪ್ಪತ್ತು ದಾಟ್ಯದ, ಇನ್ನ ಯಾವ ರೇಸಿಗಿ ಹೋಗ್ತಾರ? ಖುಷಿ ಆಗ್ತಾರ. ಸಾಯೂತನ ಆ ದುಃಖ ಯಾಕ ಇರಬೇಕ್ರಿ ಅವರಿಗಿ?"

ಮೊದಲು ಬೈದರು. ಆಮೇಲೆ ಸುಮ್ಮನಾದರು. ಶ್ರಾವಣದ ಕೊನೆಗೆ, ನಾನು ಮತ್ತೆ ಅದೇ ರಾಗ ಎತ್ತಿದಾಗ, ಹಾಲು ಕರೆಯುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. "ಖರೇನ ಖುಷಿ ಆಗ್ತಾನೇನು?"

"ನಾ ಹೇಳ್ತೀನಲ್ರಿ" ಅಂದೆ.

ಅಕ್ಕ ತಮ್ಮಂದಿರ ಬಗ್ಗೆ ನನಗೇನು ಗೊತ್ತಿತ್ತು? ನನಗೆ ಗೊತ್ತಿದ್ದದ್ದು ಗಾಡಿಯ ಬಗ್ಗೆ.

ಆ ಭಾನುವಾರ ನನ್ನನ್ನೂ ಊಟಕ್ಕೆ ಕರೆದರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಚಂದ್ರಣ್ಣ ಹುಡುಗನಂತೆ ಕೈ ನೆಕ್ಕುತ್ತ ಉಂಡರು. ಶರಣಮ್ಮ ತಾವು ಒಂದು ತುತ್ತೂ ಮುಟ್ಟಲಿಲ್ಲ. ಊಟ ಮುಗಿದ ಮೇಲೆ, "ಬಾ ಚಂದೂ, ಒಂದ್ ನೋಡೂದದ" ಎಂದು ಕೊಟ್ಟಿಗೆಗೆ ಕರೆದೊಯ್ದರು. ಬೆಳಿಗ್ಗೆಯೇ ಆಳಿನಿಂದ ಕಣಿಕಿ ಸರಿಸಿ ಇಡಿಸಿದ್ದರು. ತಾಡಪತ್ರಿಯನ್ನು ಅವರೇ ಎಳೆದರು.

ಚಂದ್ರಣ್ಣ ಕೂಗಲಿಲ್ಲ, ಅಳಲಿಲ್ಲ. ಹತ್ತಿರ ಹೋಗಿ ಮುಂದಿನ ಚಕ್ರದ ಮೇಲೆ ಅಂಗೈ ಇಟ್ಟರು. ಸುತ್ತ ಒಂದು ಸಲ ನಡೆದರು. ಮೂತಿಯ ಮೇಲಿನ ತಗ್ಗನ್ನು ಬೆರಳಿಂದ ಮುಟ್ಟಿ, "ಇದು ರೇಸಿನ ದಾರಿ ಬಾಜೂಕಿನ ಹುಲ್ಲಿನ ಪೆಂಡಿಗಿ ಬಡದಿದ್ದು" ಅಂದರು. ಆಮೇಲೆ ಮುಖ ಅರಳಿತು ನೋಡಿ! ಆ ಎಳೆದು ನಡೆಯುವ ಕಾಲು ನೆಲದ ಮೇಲಿರಲಿಲ್ಲ. ಖಲೀಲನಿಗೆ ಫೋನು ಮಾಡು ಅಂದರು, ಗಾಳಿ ಪಂಪು ತಾ ಅಂದರು, ಸೀಟಿನಲ್ಲಿದ್ದ ಇಲಿಗೂಡು ಕಿತ್ತು ಎಸೆದು ಒಳಗೆ ಇಳಿದು ಕೂತೇಬಿಟ್ಟರು. ನಾನೂ ಅವರೂ ಸಂಜೆಯವರೆಗೆ ಅದರ ಸುತ್ತ ಕುಣಿದೆವು. ಶರಣಮ್ಮ ಎಮ್ಮೆಯ ಪಕ್ಕ ಕಂಬಕ್ಕೆ ಆತು ನಿಂತೇ ಇದ್ದರು. ಒಂದೆರಡು ಸಲ ನಕ್ಕರು ಕೂಡ. ನನ್ನ ಮಾತು ಖರೆ ಆಯಿತೆಂದು ನಾನು ಅವರ ಕಡೆ ನೋಡಿ ತಲೆಯಾಡಿಸಿದೆ.

ಹೊರಡುವಾಗ ಬಾಗಿಲ ಬಳಿ ಚಂದ್ರಣ್ಣ ತಿರುಗಿ ನಿಂತರು.

"ಅಕ್ಕ, ನಾ ಇದರ ಸಲ್ವಾಗಿ ಅಳುವಾಗ ನೀ ಎದುರಿಗೇ ಕುಂತಿದ್ದಿ ಅಲ್ಲ?"

"ಕುಂತಿದ್ದೆ."

"ನೀರ್ ತಂದು ಕೊಟ್ಟಿದ್ದಿ."

"ಕೊಟ್ಟಿದ್ದೆ ಚಂದೂ."

ಅವರು ಚಪ್ಪಲಿ ಮೆಟ್ಟಿ ಹೊರಟರು. ಮರುದಿನ ಲಾರಿ ಕಳಿಸಿ ಗಾಡಿ ಒಯ್ದರು. ಮುಂದಿನ ಭಾನುವಾರ ಊಟಕ್ಕೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಈಗ ಹೇಳಲು ನಾಚಿಕೆಯಾಗುವುದೆಂದರೆ, ಆ ನಂತರದ ತಿಂಗಳುಗಳು ನನ್ನ ಬದುಕಿನ ಅತಿ ಸುಖದ ತಿಂಗಳುಗಳು. ದಸರೆ ಬಂತು, ದೀಪಾವಳಿ ಬಂತು, ನಾನು ತಾಂಡೂರಿಗೆ ಓಡಿ ಹೋಗಿ ಹಬ್ಬದ ಊಟ ಮಾಡಿ ಮತ್ತೆ ಲೇತ್ ಅಂಗಡಿಗೆ ಓಡಿ ಬರುತ್ತಿದ್ದೆ. ಖಲೀಲ್ ಭಾಯಿ ತನ್ನ ಟ್ರ್ಯಾಕ್ಟರ್ ಕೆಲಸವನ್ನೆಲ್ಲ ಹೊರಗೆ ದೂಡಿ ಗಾಡಿಯನ್ನು ಒಳಗೆ ನಿಲ್ಲಿಸಿದ್ದ. ಎಂಜಿನ್ ಬಿಚ್ಚಿದ ದಿನ ಬೆರಗಾಗಿ ಅಂದ, "ಡಾಕ್ಟರ್ ಸಾಬ್, ಇಷ್ಟ್ ವರ್ಷ ಬಿದ್ದ ಗಾಡಿ ಹಿಂಗ ಇರಂಗಿಲ್ರಿ. ಇದಕ್ಕ ಯಾರೋ ಖಿದ್ಮತ್ ಮಾಡ್ಯಾರ."

"ಶರಣಮ್ಮಕ್ಕ" ಅಂದೆ. "ವರ್ಷಾ ದೀಪಾವಳಿಗಿ ಎಣ್ಣಿ ಸವರ್ತಿದ್ರಂತ."

ಚಂದ್ರಣ್ಣ ಪಾನಾ ಹಿಡಿದು ಬಗ್ಗಿದ್ದವರು ತಲೆಯೆತ್ತಲಿಲ್ಲ. ಬಿಗಿಯಾಗಿದ್ದ ನಟ್ಟನ್ನೇ ಮತ್ತೆ ಬಿಗಿ ಮಾಡಿದರು.

ಸುದ್ದಿ ಹರಡಿತು. ಹಳೆಯ ರೇಸ್ ಗಾಡಿಗಳ ಅಭಿಮಾನಿಗಳದೊಂದು ವಾಟ್ಸ್ಯಾಪ್ ಗುಂಪಿತ್ತು, ಹೈದರಾಬಾದು, ಬೀದರ, ಪುಣೆಯ ಮಂದಿ. ಒಬ್ಬರು ಟೈರು ಕಳಿಸಿದರು, ಒಬ್ಬರು ಕಾರ್ಬ್ಯುರೇಟರ್ ಹುಡುಕಿದರು, ನಿವೃತ್ತ ಎಂಜಿನಿಯರೊಬ್ಬರು ಗಾಡಿಯನ್ನು ನೋಡಲೆಂದೇ ಬಸ್ಸು ಹತ್ತಿ ಬಂದು ಅದರ ಮೂತಿ ಸವರಿ ಕಣ್ಣೊರೆಸಿಕೊಂಡರು.

ಭಾನುವಾರಗಳಂದು ಶರಣಮ್ಮನಿಂದ ಫೋನು ಬರುತ್ತಿತ್ತು. ಎಮ್ಮೆ ಮೇವು ಮುಟ್ಟುತ್ತಿಲ್ಲ, ಕರು ಕೆಮ್ಮುತ್ತಿದೆ. ಹೋದರೆ ಎಮ್ಮೆ ಗಡದ್ದಾಗಿ ಮೆಲುಕು ಹಾಕುತ್ತಿರುತ್ತಿತ್ತು. ಒಳಗೆ ಎರಡು ತಾಟು ಹಾಕಿರುತ್ತಿದ್ದರು. ನನಗೆ ಬಡಿಸುತ್ತ ಕೇಳುತ್ತಿದ್ದರು, "ಏನರೆ ಅಂದನಾ?" ಏನೂ ಅಂದಿಲ್ಲವೆಂದು ಹೇಳಲಾರದೆ ನಾನು ಗಾಡಿಯ ಸುದ್ದಿ ಹೇಳುತ್ತಿದ್ದೆ. ಆಕೆ ಎಲ್ಲ ಕೇಳಿಕೊಂಡು ಮಾಡಿನ ಕಡೆ ನೋಡುತ್ತಿದ್ದರು.

ಒಂದು ದಿನ ಧೈರ್ಯ ಮಾಡಿ ಚಂದ್ರಣ್ಣನನ್ನು ಕೇಳಿದೆ. ಆ ವಯಸ್ಸಿನ ಅಕ್ಕನ ಮೇಲೆ ಇಷ್ಟು ಸಿಟ್ಟು ಬೇಕೇ ಎಂದು. ಅವರು ಸಿಟ್ಟಾಗಲಿಲ್ಲ.

"ಮುಚ್ಚಿಟ್ಟಿದ್ದಕ್ಕ ಸಿಟ್ಟಿಲ್ರಿ ಡಾಕ್ಟರ್ರೆ. ಮುಚ್ಚಿಡದಿದ್ರ ನಾ ಎಂದೋ ಸತ್ತು ಹೋಗ್ತಿದ್ದೆ. ಅದು ನಂಗೂ ಗೊತ್ತದ. ಆದ್ರ ನಾ ಅಳ್ತಿದ್ರ ಬೆನ್ನ ಮ್ಯಾಲ ಕೈ ಇಡ್ತಿದ್ಳು. ಆ ಕೈಯಿಂದಾನೇ ನಾ ಬದುಕೀನಿ ಅನ್ಕೊಂಡಿದ್ದೆ. ಈಗ ಆ ಕೈ ಏನಂತ ತಿಳೀಲಿ, ನೀವೇ ಹೇಳ್ರಿ."

ಗುಜರಿಯ ಕತೆ ಹಾಗೇ ಉಳಿದಿದ್ದರೆ ಆ ಕೈ ಅವರ ಬೆನ್ನ ಮೇಲೆ ಕಡೆಯವರೆಗೂ ಇರುತ್ತಿತ್ತು.

ಗಾಡಿ ಓಡಿಸುವ ದಿನ ಪುಷ್ಯಮಾಸದ ಚಳಿಯಲ್ಲಿ ಬಂತು. ಜಹೀರಾಬಾದಿನ ಹೊರಗೆ, ಮುಂದೆಂದೋ ಬರಲಿರುವ ಕಾರ್ಖಾನೆಗಳಿಗಾಗಿ ಹಾಕಿದ, ಇನ್ನೂ ಯಾರೂ ಬಳಸದ ನೇರ ರಸ್ತೆಯೊಂದಿತ್ತು. ಅನುಮತಿ ಕೇಳಿದ್ದೆವು, ಸಿಕ್ಕಿತ್ತು. ಎಲ್ಲ ಕಡೆಯಿಂದ ಅಭಿಮಾನಿಗಳು ಬಂದರು, ತಲೆಗೆ ಟೋಪಿ, ಕೈಯಲ್ಲಿ ಫೋನು. ಶರಣಮ್ಮನಿಗೆ ನಾನೇ ಹೇಳಿದ್ದೆ. ಆ ಸಂತೋಷದಲ್ಲಿ ತಮ್ಮ ಕರಗಿಯಾನು ಎಂದು ನನ್ನ ಲೆಕ್ಕ. ಆಟೋದಲ್ಲಿ ಬಂದು, ತಲೆಯ ಮೇಲೆ ಶಾಲು ಹೊದ್ದು, ಜಾಲಿಮರದ ಹತ್ತಿರ ಒಬ್ಬರೇ ನಿಂತರು.

ಚಂದ್ರಣ್ಣ ಹಳೆಯ ಗಾಗಲ್ ಹಾಕಿ ಒಳಗೆ ಇಳಿದರು. ಖಲೀಲ್ ಭಾಯಿ "ಬಿಸ್ಮಿಲ್ಲಾ" ಅಂದು ದೂಡಿದ. ಎಂಜಿನ್ ಎರಡು ಸಲ ಕೆಮ್ಮಿ ಒಮ್ಮೆಲೇ ಬಾಯಿ ಬಿಟ್ಟಿತು. ಬಿಳಿ ಹೊಗೆ, ಔಡಲೆಣ್ಣೆಯ ಆ ವಾಸನೆ. ಯಾರೋ ಅಳತೊಡಗಿದರು, ಬಹುಶಃ ಆ ನಿವೃತ್ತ ಎಂಜಿನಿಯರು. ಗಾಡಿ ಹೋಯಿತು. ಎರಡೂ ಮೊಳಕೈ ಹೊರಗೆ, ತಲೆ ತುಸು ಓರೆ. ದೂರದಲ್ಲಿ ತಿರುಗಿ ಮತ್ತೆ ಬಂತು, ನಮ್ಮ ಮುಂದಿನಿಂದ ಹಾದಾಗ ಎದೆಗೂಡು ನಡುಗಿತು. ನಾನು ಚಿಕ್ಕಂದಿನಿಂದ ಕಾದದ್ದು ಅದಕ್ಕೇ. ಕೂಗಿದೆ, ಕುಣಿದೆ. ಜಾಲಿಮರದ ಕಡೆ ಒಮ್ಮೆಯೂ ನೋಡಲಿಲ್ಲ.

ಗಾಡಿ ನಿಂತ ಮೇಲೆ ಶರಣಮ್ಮ ಮಂದಿಯ ನಡುವೆ ದಾರಿ ಮಾಡಿಕೊಂಡು ಬಂದರು. ಸೆರಗಿನ ಗಂಟು ಬಿಚ್ಚಿ ಉಪ್ಪು ಮೆಣಸಿನಕಾಯಿ ತೆಗೆದರು. ದೃಷ್ಟಿ ತೆಗೆಯಲು. ಮೂತಿಯಿಂದ ಬಾಲದವರೆಗೆ ಗಾಡಿಯ ಮೇಲೆ ಕೈ ಇಳಿಸಿದರು. ಚಂದ್ರಣ್ಣ ಒಳಗೆ ಅಲ್ಲಾಡದೆ ಕೂತಿದ್ದರು. ಆಕೆಯ ಮುಷ್ಟಿ ಅವರ ತಲೆಯ ಕಡೆ ಬಂದಾಗ ಗಾಗಲ್ ಹಣೆಗೆ ಏರಿಸಿ, ಮುಖ ಆಚೆ ತಿರುಗಿಸಿ, "ಸಾಕು" ಅಂದರು.

ಮೆಲ್ಲಗೆ ಅಂದರು. ಹತ್ತಿರವಿದ್ದ ನನಗೂ ಖಲೀಲನಿಗೂ ಬಿಟ್ಟರೆ ಯಾರಿಗೂ ಕೇಳಿಸಲಿಲ್ಲ. ಶರಣಮ್ಮ ಮುಷ್ಟಿ ಬಿಗಿಹಿಡಿದು ಹಾಗೇ ಆಟೋದತ್ತ ಹೋದರು. ಉಪ್ಪು ಬೆಂಕಿಗೆ ಹಾಕಿದರೋ ಇಲ್ಲವೋ ಗೊತ್ತಿಲ್ಲ. ಸಂಜೆ ಗುಂಪಿನಲ್ಲಿ ಆ ವಿಡಿಯೋ ಬಂತು. ಮುಪ್ಪಿನ ತಮ್ಮನಿಗೆ ದೃಷ್ಟಿ ತೆಗೆಯುವ ಅಕ್ಕ. ಅದರ ಕೆಳಗೆ ಸಾಲು ಸಾಲು ಕೆಂಪು ಹೃದಯ, ಕೈ ಮುಗಿದ ಚಿತ್ರ. ಎಂಥ ಪ್ರೀತಿ ಎಂದು ಪುಣೆಯವರೊಬ್ಬರು ಬರೆದಿದ್ದರು. ನನ್ನ ಹೆಂಡತಿಯೂ ತಾಂಡೂರಿನಿಂದ ಫೋನು ಮಾಡಿ, "ನೋಡಿ ಕಣ್ಣಾಗ ನೀರ್ ಬಂತ್ರಿ, ಎಷ್ಟ್ ಛಲೋ ಕೆಲಸ ಮಾಡೀರಿ" ಅಂದಳು.

ಬೇಸಿಗೆಯಲ್ಲಿ ನನಗೆ ನಾರಾಯಣಖೇಡಕ್ಕೆ ವರ್ಗದ ಆದೇಶ ಬಂತು. ಹೊರಡುವ ಮುಂಚಿನ ವಾರ ಶರಣಮ್ಮನ ಕಣ್ಣಿನ ಪೊರೆಯ ಆಪರೇಶನ್ ಬೀದರಿನಲ್ಲಿ ಗೊತ್ತಾಗಿತ್ತು. ನಾನೇ ಕರೆದೊಯ್ಯುವುದೆಂದು ಮಾತಾಗಿತ್ತು. ಅದಾದರೂ ಮಾಡಬೇಕೆನಿಸಿತ್ತು. ಬೆಳಿಗ್ಗೆ ಅವರ ಮನೆ ಮುಟ್ಟಿದಾಗ ಬಾಗಿಲಲ್ಲಿ ಚಂದ್ರಣ್ಣನ ಕಾರು ನಿಂತಿತ್ತು. ಆಪರೇಶನ್ನಿನ ಸುದ್ದಿ ಖಲೀಲ್ ಭಾಯಿ ಹೇಳಿದ್ದನಂತೆ. ಚಂದ್ರಣ್ಣ ಇಳಿದಿರಲಿಲ್ಲ. ಚುಕ್ಕಾಣಿ ಹಿಡಿದು ಮುಂದೆ ನೋಡುತ್ತ ಕೂತಿದ್ದರು. ಶರಣಮ್ಮ ಒಂದು ಗಳಿಗೆ ಹೊಸ್ತಿಲಲ್ಲಿ ನಿಂತು, ಬಂದು ಹಿಂದಿನ ಸೀಟಿನಲ್ಲಿ ಕೂತರು. ನಾನು ಅವರ ಪಕ್ಕದಲ್ಲಿ.

ಹೋಗುವಾಗ ಮಾತಿಲ್ಲ. ದವಾಖಾನೆಯಲ್ಲೂ ಇಲ್ಲ, ಬೇಕಾದ್ದನ್ನೆಲ್ಲ ಚಂದ್ರಣ್ಣ ನನ್ನ ಮೂಲಕ ಕೇಳಿಸಿದರು. ಇವತ್ತಿಗೂ ಅವರಿಬ್ಬರ ನಡುವೆ ಮಾತಿಲ್ಲ. ನಾನು ಆಗಾಗ ಖಲೀಲನಿಗೆ ಫೋನು ಮಾಡಿ ಕೇಳುತ್ತೇನೆ, ಅವನು "ನಹೀ ಸಾಬ್" ಅನ್ನುತ್ತಾನೆ. ಭಾನುವಾರ ಬಂದರೆ ನನಗೆ ಈಗಲೂ ತಾಟಿನ ಮುಂದೆ ಕೂರಲು ಒಂದು ಥರಾ ಆಗುತ್ತದೆ.

ಆದರೆ ಆ ದಿನ ತಿರುಗಿ ಬರುವಾಗಿನ ದಾರಿ ಹೇಳಬೇಕು. ಶರಣಮ್ಮನ ಒಂದು ಕಣ್ಣಿಗೆ ಬಿಳಿ ಪಟ್ಟಿ. ತಲೆ ಅಲ್ಲಾಡಬಾರದೆಂದು ಡಾಕ್ಟರು ಹೇಳಿದ್ದರು. ಆಕೆ ಎರಡೂ ಕೈಯಿಂದ ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದಿದ್ದರು. ಬೀದರ ದಾಟಿದ ಮೇಲೆ ಚಂದ್ರಣ್ಣ ಓಡಿಸಿದ ಹಾಗೆ ಯಾರೂ ಗಾಡಿ ಓಡಿಸಿದ್ದನ್ನು ನಾನು ನೋಡಿಲ್ಲ. ಪ್ರತಿ ತಗ್ಗಿನ ಮುಂದೆ ಕಾರು ನಿಂತೇಬಿಟ್ಟಿತೇನೋ ಅನ್ನುವಷ್ಟು ನಿಧಾನವಾಗಿ ಇಳಿದು, ಏರುತ್ತಿತ್ತು. ಲಾರಿ, ಬಸ್ಸು, ಆಟೋ ಎಲ್ಲ ಹಾರ್ನು ಬಾರಿಸಿ ಮುಂದೆ ಹೋದವು. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿತು. ಅದರ ಡ್ರೈವರು ಬಗ್ಗಿ ನೋಡಿ, "ನಡಕೋತ ಹೋಗು ತಾತಾ, ಲಗೂ ಮುಟ್ತೀ" ಎಂದು ಕೂಗಿ ನಕ್ಕ. ಚಂದ್ರಣ್ಣ ಅವನ ಕಡೆ ನೋಡಲೂ ಇಲ್ಲ.

ಸ್ವಲ್ಪ ದೂರ ಹೋದ ಮೇಲೆ ಶರಣಮ್ಮನ ಬೆರಳುಗಳು ಸಡಿಲಾದವು. ಕೈ ಜಾರಿ ಮಡಿಲಿಗೆ ಬಿತ್ತು. ಅವರು ನಿದ್ದೆ ಹೋಗಿದ್ದರು. ಕನ್ನಡಿಯಲ್ಲಿ ಅದನ್ನು ಕಂಡ ಚಂದ್ರಣ್ಣ ಕಾರನ್ನು ಇನ್ನೂ ನಿಧಾನ ಮಾಡಿದರು.